ಕೆಂಪು ಸಮುದ್ರದಲ್ಲಿ ನಿಮಿಷಗಳ ಲೆಕ್ಕ

ಶನಿವಾರ

ಬೋಟ್ ಇನ್ನೂ ಬಂದರು ಬಿಟ್ಟಿರಲಿಲ್ಲ. ಅಷ್ಟರಲ್ಲೇ ಗೈಡ್ ಎಲ್ಲರನ್ನೂ ಮೇಲಿನ ಡೆಕ್‌ಗೆ ಕರೆದರು. ಮೀನು, ಹವಳ, ಹವಾಮಾನ ಯಾವುದರ ಮಾತೂ ಇಲ್ಲ. "ನಿಮ್ಮ ನಿಮ್ಮ ಕಂಪ್ಯೂಟರ್ ತೆಗೆದು ಮೇಜಿನ ಮೇಲೆ ಇಡಿ" ಅಂದರು.

ಕೆಂಪು ಸಮುದ್ರದ ಉತ್ತರ ಭಾಗದಲ್ಲಿ ಮುಳುಗಿದ ಹಡಗುಗಳು ಬಹಳ. ಅವನ್ನು ನೋಡಲು ಬೋಟಿನಲ್ಲೇ ಮಲಗಿ, ಬೋಟಿನಲ್ಲೇ ಉಂಡು, ದಿನಕ್ಕೆ ಮೂರು ಸಲ ನೀರಿಗಿಳಿಯುವ ಪ್ರವಾಸ ಇದು. ಇಂಥ ಕಡೆ ಡೈವ್ ಕಂಪ್ಯೂಟರ್ ಇಲ್ಲದೆ ನಡೆಯುವುದಿಲ್ಲ. ಮಣಿಕಟ್ಟಿಗೆ ಕಟ್ಟಿಕೊಂಡ ಈ ಸಾಧನ ಕೆಲವು ಸೆಕೆಂಡಿಗೊಮ್ಮೆ ಆಳ ಅಳೆಯುತ್ತದೆ, ಸಮಯ ನೋಡುತ್ತದೆ. ಈ ಆಳದಲ್ಲಿ ಇನ್ನೆಷ್ಟು ನಿಮಿಷ ಇದ್ದರೂ ನಡುವೆ ಕಡ್ಡಾಯವಾಗಿ ನಿಲ್ಲದೆ ಮೇಲೆ ಬರಬಹುದು ಅನ್ನುವುದನ್ನು ತೋರಿಸುತ್ತದೆ. ಆ ನಿಮಿಷಗಳಿಗೇ ನೋ-ಡೆಕೋ ಸಮಯ ಅನ್ನುವುದು.

ಕಾರಣ ನೈಟ್ರೋಜನ್. ಸಮುದ್ರದ ಮೇಲೆ ನಾವು 1 ಬಾರ್ ಒತ್ತಡದಲ್ಲಿ ಉಸಿರಾಡುತ್ತೇವೆ. ಪ್ರತಿ 10 ಮೀಟರ್ ಇಳಿದಾಗಲೂ ಇನ್ನೊಂದು ಬಾರ್ ಸೇರುತ್ತದೆ. 30 ಮೀಟರ್‌ನಲ್ಲಿ 4 ಬಾರ್. ಒತ್ತಡ ಹೆಚ್ಚಿದಷ್ಟೂ ಉಸಿರಿನ ನೈಟ್ರೋಜನ್ ರಕ್ತದಲ್ಲಿ, ಕೊಬ್ಬಿನಲ್ಲಿ, ಕೀಲುಗಳಲ್ಲಿ ಕರಗಿ ಕೂರುತ್ತದೆ. ಅವಸರದಲ್ಲಿ ಮೇಲೆ ಬಂದರೆ ಅದು ಉಸಿರಿನ ಮೂಲಕ ಹೊರಗೆ ಹೋಗಲು ಸಮಯ ಸಿಗದೆ ಮೈಯೊಳಗೇ ಗುಳ್ಳೆಯಾಗುತ್ತದೆ. ಕೀಲು ನೋವು, ಚರ್ಮದ ಮೇಲೆ ಕಲೆ, ಜಾಸ್ತಿಯಾದರೆ ಕೈಕಾಲು ಮರಗಟ್ಟುವುದು, ಲಕ್ವ.

ಗೈಡ್ ಒಂದು ಪ್ರಯೋಗ ಮಾಡಿಸಿದರು. "ಪ್ಲಾನ್ ಮೋಡ್‌ಗೆ ಹೋಗಿ. ಮಾಮೂಲಿ ಗಾಳಿ, 30 ಮೀಟರ್. ಎಷ್ಟು ನಿಮಿಷ ತೋರಿಸುತ್ತೆ, ಓದಿ ಹೇಳಿ." ನನ್ನದು 12 ಅಂದಿತು. ಎದುರಿಗಿದ್ದವರದು 15. ನನ್ನ ಜೋಡಿ, ಹಳೇ ಗೆಳತಿ, ಅವಳದು 10. ಮೂಲೆಯಲ್ಲಿದ್ದ ಹಿರಿಯರೊಬ್ಬರು ಟೇಬಲ್ ತೆಗೆದರು, ಅಂದರೆ ಯಾವ ಆಳಕ್ಕೆ ಎಷ್ಟು ನಿಮಿಷ ಎಂದು ಅಚ್ಚು ಹಾಕಿದ ಪ್ಲಾಸ್ಟಿಕ್ ಪಟ್ಟಿ. ತರಬೇತಿಯಲ್ಲಿ ಎಷ್ಟೋ ಜನ ಕಲಿಯುವ, ಪ್ಯಾಡಿ ಅನ್ನುವ ಡೈವಿಂಗ್ ತರಬೇತಿ ಸಂಸ್ಥೆಯ ಟೇಬಲ್ ಅದು. ಅದರಲ್ಲಿ 20 ಇತ್ತು.

ಅದೇ ಸಮುದ್ರ, ಅದೇ ಗಾಳಿ, ನಾಲ್ಕು ಉತ್ತರ. ಯಾವುದು ಸರಿ?

ಮೇಜಿನ ಮೇಲಿದ್ದ ಆ ಮೂರು ಕಂಪ್ಯೂಟರ್‌ಗಳೂ ಜ್ಯೂರಿಕ್‌ನ ವೈದ್ಯ ಆಲ್ಬರ್ಟ್ ಬ್ಯೂಲ್‌ಮನ್ ಕಟ್ಟಿದ ಒಂದೇ ಲೆಕ್ಕದ ಮೇಲೆ ನಡೆಯುವವು. ವ್ಯತ್ಯಾಸ ಇದ್ದದ್ದು ಸೆಟ್ಟಿಂಗ್‌ನಲ್ಲಿ. ಗ್ರೇಡಿಯಂಟ್ ಫ್ಯಾಕ್ಟರ್ ಅಂತ ಎರಡು ಅಂಕಿಗಳಿರುತ್ತವೆ. 15 ಹೇಳಿದ್ದರಲ್ಲಿ 45/95 ಇತ್ತು, ನನ್ನದರಲ್ಲಿ 40/85, ಅವಳದರಲ್ಲಿ 35/75. ನೋ-ಡೆಕೋ ಸಮಯದ ಮಟ್ಟಿಗೆ ಎರಡನೆಯ ಅಂಕಿ ಮುಖ್ಯ. ನೀರಿನಿಂದ ತಲೆ ಹೊರಗೆ ಹಾಕುವಾಗ ಬ್ಯೂಲ್‌ಮನ್ ಹೇಳಿದ ಗರಿಷ್ಠ ಮಿತಿಯ ಎಷ್ಟು ಶೇಕಡಾ ತನಕ ಹೋಗಬಹುದು ಅನ್ನುವುದನ್ನು ಅದು ಹೇಳುತ್ತದೆ. ಅವಳು 75ಕ್ಕೇ ಸಾಕು ಅಂದಿದ್ದಾಳೆ, ಇನ್ನೊಬ್ಬರು 95ರ ತನಕ ಹೋಗಲು ತಯಾರು. ಹಿರಿಯರ ಟೇಬಲ್‌ನ ಹಿಂದೆ ಇರುವ ಲೆಕ್ಕವೇ ಬೇರೆ.

ಹಾಗಾಗಿ ಆ ಪರದೆಯ ಮೇಲೆ ಕಾಣುವುದು ನಿಮ್ಮ ಮೈಯೊಳಗಿನ ನೈಟ್ರೋಜನ್ ಅಲ್ಲ. ಅದನ್ನು ಅಳೆಯುವ ಸಾಧನ ಅದರಲ್ಲಿಲ್ಲ. ಇಷ್ಟು ಆಳ, ಇಷ್ಟು ಹೊತ್ತು ಇದ್ದವನ ಮೈಯಲ್ಲಿ ಇಷ್ಟಿರಬಹುದು ಅನ್ನುವ ಅಂದಾಜು, ಅಷ್ಟೇ. ಇದು ಗೊತ್ತಿದ್ದೂ ನೀರಿನೊಳಗೆ ಎಲ್ಲರೂ ಆ ಅಂಕಿಯನ್ನು ವೇದವಾಕ್ಯದಂತೆ ನೋಡುತ್ತಾರೆ. ಗೈಡ್‌ಗೆ ಬಹುಶಃ ಅದೇ ತಲೆನೋವು.

ಅವರ ನಿಯಮಗಳು ಸರಳ. ಪ್ರತಿಯೊಬ್ಬರಿಗೂ ಅವರದೇ ಕಂಪ್ಯೂಟರ್. ಇಬ್ಬರಿಗೆ ಒಂದು ಅನ್ನುವ ಮಾತಿಲ್ಲ, ಯಾಕೆಂದರೆ ಜೋಡಿಯಲ್ಲಿ ಇಬ್ಬರೂ ಒಂದೇ ಆಳದಲ್ಲಿ ಇರುವುದಿಲ್ಲ. ಡೈವ್‌ಗಳ ನಡುವೆ ಕಂಪ್ಯೂಟರ್ ಅದಲು ಬದಲು ಮಾಡುವಂತಿಲ್ಲ, ಹಿಂದಿನ ಡೈವ್‌ನ ಲೆಕ್ಕ ಅದರೊಳಗಿರುತ್ತದೆ. ಜೋಡಿಯಲ್ಲಿ ಯಾರದು ಕಡಿಮೆ ತೋರಿಸುತ್ತದೋ ಆ ಅಂಕಿಯೇ ಇಬ್ಬರದೂ. 40 ಮೀಟರ್ ದಾಟುವಂತಿಲ್ಲ. ಬ್ಯಾಟರಿ ಇವತ್ತೇ ಬದಲಿಸಿಕೊಳ್ಳಿ, ಕೆಲವು ಮಾದರಿಗಳು ನಡುವೆ ಬ್ಯಾಟರಿ ತೆಗೆದರೆ ಹಳೆಯದನ್ನೆಲ್ಲ ಮರೆತುಬಿಡುತ್ತವೆ.

ನಾನು ನನ್ನದನ್ನು 35/75ಕ್ಕೆ ಬದಲಿಸಲಿಲ್ಲ. ಹೇಗಿದ್ದರೂ ಗೆಳತಿಯ ಅಂಕಿಗೇ ನಡೆಯಬೇಕಲ್ಲ.

ಭಾನುವಾರ

ಚೆಕ್ ಡೈವ್. ತೂಕ ಸರಿಯಿದೆಯಾ, ಮಾಸ್ಕ್ ಸೋರುತ್ತಾ ಅಂತ ನೋಡಿಕೊಳ್ಳುವ ದಿನ. ಹವಳದ ದಂಡೆಯ ಪಕ್ಕ 12 ಮೀಟರ್ ಸುತ್ತಮುತ್ತ ಓಡಾಡಿದೆವು. ನೋ-ಡೆಕೋ ಜಾಗದಲ್ಲಿ ಉದ್ದಕ್ಕೂ 99 ಇತ್ತು. ಎರಡೇ ಅಂಕಿಗೆ ಜಾಗ ಇರುವ ಪರದೆ ಅದಕ್ಕಿಂತ ಹೆಚ್ಚು ತೋರಿಸಲಾರದು. ಆ 99ರ ಹಿಂದೆ ನೈಟ್ರೋಜನ್ ಮಾತ್ರ ತಣ್ಣಗೆ ಸೇರುತ್ತಲೇ ಇರುತ್ತದೆ.

ಹೇಳಬೇಕಾದದ್ದು ಇನ್ನೊಂದೇ. ನಮಗೆ ಕೊಟ್ಟದ್ದು ನೈಟ್ರಾಕ್ಸ್, ಅಂದರೆ ಆಕ್ಸಿಜನ್ ಜಾಸ್ತಿ ಸೇರಿಸಿದ ಗಾಳಿ. ಮಾಮೂಲಿ ಗಾಳಿಯಲ್ಲಿ 21% ಇರುವ ಆಕ್ಸಿಜನ್ ಇದರಲ್ಲಿ 32%. ಅಷ್ಟು ನೈಟ್ರೋಜನ್ ಕಡಿಮೆ, ಅಷ್ಟು ನಿಮಿಷ ಜಾಸ್ತಿ. 30 ಮೀಟರ್‌ಗೆ ಗಾಳಿಯಲ್ಲಿ 12 ಹೇಳಿದ್ದ ನನ್ನ ಕಂಪ್ಯೂಟರ್ ನೈಟ್ರಾಕ್ಸ್‌ಗೆ 19 ಅಂದಿತು. ಬದಲಿಗೆ ಆಳಕ್ಕೆ ಒಂದು ಕಟ್ಟು ಬೀಳುತ್ತದೆ. ಒತ್ತಡದಲ್ಲಿ ಆಕ್ಸಿಜನ್ ಕೂಡ ವಿಷವಾಗುತ್ತದೆ, ನೀರಿನೊಳಗೇ ಫಿಟ್ಸ್ ಬರಬಹುದು. ಅದರ ಪಾಲಿನ ಒತ್ತಡ 1.4 ಬಾರ್ ದಾಟಬಾರದು ಅನ್ನುವುದು ರೂಢಿ. 32%ಗೆ ಅದು ಸುಮಾರು 33 ಮೀಟರ್‌ನಲ್ಲಿ ಮುಗಿಯುತ್ತದೆ.

ನನ್ನ ಟ್ಯಾಂಕ್‌ನ ಬಾಯಿಗೆ ಅನಲೈಸರ್ ಹಿಡಿದರೆ 31.6 ಬಂತು. ಕಂಪ್ಯೂಟರ್‌ಗೆ ಪೂರ್ಣಾಂಕವೇ ಬೇಕು. ನೈಟ್ರೋಜನ್ ಲೆಕ್ಕಕ್ಕೆ 31 ಎಂದು ಹಾಕಿ, ಆಳದ ಕಟ್ಟನ್ನು ಮಾತ್ರ 32ರದೇ ಅಂತ ಇಟ್ಟುಕೊಂಡೆ. ಎರಡು ಕಡೆಯೂ ಸ್ವಲ್ಪ ಬಿಗಿ ಮಾಡಿದ ಹಾಗೆ.

ಸೋಮವಾರ

ಅಬು ನುಹಾಸ್ ಅನ್ನುವ ಹವಳದ ದಂಡೆ ನೀರಿನ ಮಟ್ಟಕ್ಕೇ ಇದೆ. ದೊಡ್ಡ ಹಡಗುಗಳು ಓಡಾಡುವ ದಾರಿಯ ಪಕ್ಕದಲ್ಲೇ ಇದೆ. ಆಮೇಲೆ ಹೇಳುವುದೇ ಬೇಡ. ಬೆಳಿಗ್ಗೆ ಇಳಿದದ್ದು ಜಿಯಾನಿಸ್ ಡಿ ಹತ್ತಿರ. ಮರ ಹೊತ್ತು ಸಾಗುತ್ತಿದ್ದ ಹಡಗು, 1983ರಲ್ಲಿ ಈ ದಂಡೆಗೆ ಬಡಿಯಿತು. ತಳ ಸುಮಾರು 27 ಮೀಟರ್, ಹಿಂಭಾಗದ ಕಂಬ ಮಾತ್ರ ಮೇಲ್ಮೈಗೆ ಕೆಲವೇ ಮೀಟರ್ ಕೆಳಗೆ. ಒಂದೇ ಹಡಗಿನಲ್ಲಿ ಎಲ್ಲ ಆಳವೂ ಇದೆ. ಕಂಪ್ಯೂಟರ್ ಏನು ಮಾಡುತ್ತದೆ ಅಂತ ನೋಡಲು ಇದಕ್ಕಿಂತ ಒಳ್ಳೆಯ ಜಾಗ ಬೇರೆ ಬೇಡ.

ಟೇಬಲ್ ಹಿಡಿದು ಡೈವ್ ಮಾಡಿದರೆ ಅತಿ ಹೆಚ್ಚು ಇಳಿದ ಆಳವೇ ಇಡೀ ಡೈವ್‌ನ ಆಳ. ಒಂದೇ ನಿಮಿಷ 26 ಮೀಟರ್ ಮುಟ್ಟಿ ಉಳಿದ ಹೊತ್ತೆಲ್ಲ 12ರಲ್ಲಿ ಕಳೆದರೂ ಟೇಬಲ್ ಪೂರ್ತಿ 26 ಎಂದೇ ಎಣಿಸುತ್ತದೆ. ಕಂಪ್ಯೂಟರ್ ಹಾಗಲ್ಲ, ಇದ್ದಲ್ಲಿ ಇದ್ದಷ್ಟು ಹೊತ್ತನ್ನೇ ಎಣಿಸುತ್ತದೆ. ನಾವು ನೇರ ತಳಕ್ಕೆ ಹೋದೆವು. ಓರೆಯಾಗಿ ಮಲಗಿದ ಹಿಂಭಾಗ, ಪ್ರೊಪೆಲರ್, ಎಂಜಿನ್ ಕೋಣೆ. ಆ ಓರೆಯಲ್ಲಿ ಒಳಗೆ ಹೋದವರಿಗೆ ತಲೆ ತಿರುಗುತ್ತದೆ, ಗೋಡೆ ಯಾವುದು ನೆಲ ಯಾವುದು ಗೊತ್ತಾಗುವುದಿಲ್ಲ. 26 ಮೀಟರ್‌ನಲ್ಲಿ ಪರದೆ ಮೇಲೆ 10 ನಿಮಿಷ ಉಳಿದಿದೆ ಅಂದಾಗ ಮೇಲೆ ಹೊರಟೆವು. 20 ಮೀಟರ್‌ಗೆ ಬಂದಾಗ ಅದೇ ಅಂಕಿ 30 ದಾಟಿತ್ತು. 15 ಮೀಟರ್‌ಗೆ ಬರುವಾಗ ಮತ್ತೆ 99. ಆಳ ಮೊದಲು, ಆಮೇಲೆ ಮೆಟ್ಟಿಲು ಮೆಟ್ಟಿಲಾಗಿ ಮೇಲೆ. ಹೀಗೆ ಮಾಡಿದರೆ ಡೈವ್‌ನ ದ್ವಿತೀಯಾರ್ಧ ಸುಮ್ನೆ ಉಡುಗೊರೆಯಾಗಿ ಸಿಗುತ್ತದೆ.

ಮೇಲೆ ಬರುವ ವೇಗ ನಿಮಿಷಕ್ಕೆ 9 ಮೀಟರ್. ಹಿಂದೆ 18ರ ತನಕ ಹೋಗಬಹುದು ಅನ್ನುತ್ತಿದ್ದರು, ಈಗ ಅರ್ಧಕ್ಕಿಳಿಸಿದ್ದಾರೆ. ಕೊನೆಯಲ್ಲಿ 5 ಮೀಟರ್‌ನಲ್ಲಿ 3 ನಿಮಿಷದ ಸೇಫ್ಟಿ ಸ್ಟಾಪ್. ಇದನ್ನು ಶಿಸ್ತಿನ ಆಚರಣೆ ಅಂದುಕೊಂಡವರು ಬಹಳ ಜನ. ಲೆಕ್ಕ ಹಾಕಿ ನೋಡಿ. 40 ಮೀಟರ್‌ನಿಂದ 30ಕ್ಕೆ ಬಂದರೆ ಒತ್ತಡ 5 ಬಾರ್‌ನಿಂದ 4ಕ್ಕೆ ಇಳಿಯಿತು, ಐದರಲ್ಲಿ ಒಂದು ಪಾಲು. 10 ಮೀಟರ್‌ನಿಂದ ಮೇಲಕ್ಕೆ ಬಂದರೆ 2ರಿಂದ 1ಕ್ಕೆ, ಸೀದಾ ಅರ್ಧ. ಗುಳ್ಳೆ ಹಿಗ್ಗುವುದು ಈ ಕೊನೆಯ ಹತ್ತರಲ್ಲೇ ಜಾಸ್ತಿ. ಬೋಟ್‌ನ ಏಣಿ ಕಂಡ ತಕ್ಷಣ ಕಾಲು ಬಡಿಯುವ ಆಸೆ ಹುಟ್ಟುವುದೂ ಅಲ್ಲೇ.

ಮಧ್ಯಾಹ್ನ ಕಾರ್ನಾಟಿಕ್. ಸೂಯೆಜ್‌ನಿಂದ ಬಾಂಬೆಗೆ ಹೊರಟಿದ್ದ ಆವಿ ಹಡಗು, 1869ರಲ್ಲಿ ಮುಳುಗಿತು. ಮರದ ಹಲಗೆಗಳೆಲ್ಲ ಹೋಗಿ ಕಬ್ಬಿಣದ ಪಕ್ಕೆಲುಬು ಮಾತ್ರ ಉಳಿದಿದೆ. ಅದರ ಸಂದಿಯಲ್ಲಿ ಬೆಳಕು ಬೀಳುವುದನ್ನು ನೋಡುತ್ತಾ ಕೂರಬಹುದು. ಕೂರಲಿಲ್ಲ. ಬೆಳಿಗ್ಗೆಯ ನೈಟ್ರೋಜನ್ ಪೂರ್ತಿ ಹೋಗಿರಲಿಲ್ಲ, ಇಳಿದ ಕೂಡಲೇ ಅಂಕಿ ಬೆಳಿಗ್ಗೆಗಿಂತ ಚಿಕ್ಕದಾಗಿತ್ತು.

ಮಂಗಳವಾರ

ಹಿಂದಿನ ರಾತ್ರಿಯೇ ಗೈಡ್ ಬಿಳಿ ಹಲಗೆಯ ಮೇಲೆ ಗೆರೆ ಎಳೆದಿದ್ದರು. ರೋಸಲಿ ಮೊಲರ್. ಕಲ್ಲಿದ್ದಲು ಹೊತ್ತಿದ್ದ ಹಡಗು, 1941ರ ಅಕ್ಟೋಬರ್ 8ರಂದು ಜರ್ಮನ್ ಬಾಂಬಿಗೆ ಮುಳುಗಿತು. ತಳ ಸುಮಾರು 50 ಮೀಟರ್. ನಮ್ಮಂಥವರಿಗೆ ಅದು ಆಗದ ಮಾತು. ಡೆಕ್ 35ರ ಆಸುಪಾಸು. ಅದು ಆಗುವ ಮಾತು, ಆದರೆ ಸ್ವಲ್ಪವೇ ಹೊತ್ತು.

ಈ ಡೈವ್ ನೀರಿಗಿಳಿಯುವ ಮೊದಲೇ ಮುಗಿದಿರಬೇಕು, ಕಾಗದದ ಮೇಲೆ. ನಾವು ಹಾಕಿದ ಲೆಕ್ಕ ಹೀಗಿತ್ತು.

ಮೊದಲು ಅನಿಲ. 32% ಇಲ್ಲಿ ನಡೆಯುವುದಿಲ್ಲ, ಅದರ ಕಟ್ಟು 33ಕ್ಕೇ ಮುಗಿಯಿತಲ್ಲ. 28% ತುಂಬಿದರೆ 1.4 ಬಾರ್ ಮುಟ್ಟುವುದು 40 ಮೀಟರ್‌ನಲ್ಲಿ. ಹಾಗಾಗಿ 28. ಪ್ಲಾನ್ ಮೋಡ್‌ನಲ್ಲಿ 36 ಮೀಟರ್ ಹಾಕಿದೆವು. ನನ್ನದು 11 ನಿಮಿಷ, ಗೆಳತಿಯದು 9. ಒಂಬತ್ತೇ. ಅದರಲ್ಲೂ 3 ಉಳಿದಾಗ ಹೊರಡುವುದು. "ಸೊನ್ನೆ ನೋಡೋಕೆ ನಾನು ಬಂದಿಲ್ಲ" ಅಂದಳು.

ಆಮೇಲೆ ಉಸಿರಿನ ಲೆಕ್ಕ. ಕಂಪ್ಯೂಟರ್ ಕೊಂಡ ಮೇಲೆ ಬಹಳ ಜನ ಇದನ್ನು ಮಾಡುವುದೇ ಬಿಟ್ಟಿದ್ದಾರೆ, ನನಗೆ ಅದು ಅರ್ಥವಾಗುವುದಿಲ್ಲ. 12 ಲೀಟರ್ ಟ್ಯಾಂಕ್, 200 ಬಾರ್, ಒಟ್ಟು 2400 ಲೀಟರ್ ಅನಿಲ. ಮೇಲ್ಮೈಯಲ್ಲಿ ನಿಮಿಷಕ್ಕೆ 20 ಲೀಟರ್ ಸೇದುವ ಮನುಷ್ಯ 35 ಮೀಟರ್‌ನಲ್ಲಿ, 4.5 ಬಾರ್ ಒತ್ತಡದಲ್ಲಿ, 90 ಲೀಟರ್ ಸೇದುತ್ತಾನೆ. ಇನ್ನು ಕೆಟ್ಟ ಗಳಿಗೆಯ ಲೆಕ್ಕ. ಡೆಕ್ ಮೇಲಿರುವಾಗಲೇ ಒಬ್ಬರ ಅನಿಲ ನಿಂತು ಹೋಯಿತು ಅನ್ನಿ. ಇಬ್ಬರೂ ಒಂದೇ ಟ್ಯಾಂಕ್‌ನಿಂದ ಉಸಿರಾಡಿಕೊಂಡು ಮೇಲೆ ಬರಬೇಕು. ಗಾಬರಿಯಲ್ಲಿ ತಲಾ 30 ಲೀಟರ್. ಕೆಳಗೆ ಸುಧಾರಿಸಿಕೊಳ್ಳಲು ಒಂದು ನಿಮಿಷಕ್ಕೆ 270. ಮೇಲೆ ಬರಲು ನಾಲ್ಕು ನಿಮಿಷ, ಸರಾಸರಿ 2.75 ಬಾರ್, 660. ಸೇಫ್ಟಿ ಸ್ಟಾಪ್‌ಗೆ 270. ಕೂಡಿಸಿದರೆ 1200 ಲೀಟರ್. ಟ್ಯಾಂಕ್‌ನ ಸರಿ ಅರ್ಧ. ಅಂದರೆ ನೋ-ಡೆಕೋ ಎಷ್ಟೇ ಉಳಿದಿರಲಿ, 100 ಬಾರ್ ಕಂಡ ಮೇಲೆ ಡೆಕ್ ಮೇಲೆ ಇರುವಂತಿಲ್ಲ. ಟ್ಯಾಂಕ್‌ಗೆ ಕೊಂಡಿ ಇಲ್ಲದ ನನ್ನ ಕಂಪ್ಯೂಟರ್ ಇದರ ಬಗ್ಗೆ ಒಂದು ಮಾತೂ ಹೇಳುವುದಿಲ್ಲ. ಕೊಂಡಿ ಇರುವವು ಉಳಿದ ಒತ್ತಡ ತೋರಿಸುತ್ತವೆ, ಆದರೆ ಜೋಡಿಯವರ ಪಾಲನ್ನು ತಾವಾಗಿ ತೆಗೆದಿಡುವುದಿಲ್ಲ.

ಬೆಳಿಗ್ಗೆ ಹಾರುವ ಮೊದಲು ಗೈಡ್ ಒಬ್ಬೊಬ್ಬರ ಮಣಿಕಟ್ಟು ಹಿಡಿದು ಓದಿಸಿದರು. "ಅನಿಲ ಎಷ್ಟು?" "28." "28." ಮೂರನೆಯವರು "32" ಅಂದರು. ನಿನ್ನೆಯ ಸೆಟ್ಟಿಂಗ್ ಹಾಗೇ ಉಳಿದಿತ್ತು. ಅದೇ ಸೆಟ್ಟಿಂಗ್‌ನಲ್ಲಿ ಇಳಿದಿದ್ದರೆ ಕಂಪ್ಯೂಟರ್ ನೈಟ್ರೋಜನ್ ಅನ್ನು ಕಡಿಮೆ ಎಣಿಸಿ ಒಂದೆರಡು ನಿಮಿಷ ಜಾಸ್ತಿ ತೋರಿಸುತ್ತಿತ್ತು. ಹತ್ತು ಹನ್ನೊಂದರಲ್ಲಿ ಒಂದೆರಡು ಅಂದರೆ ಸಣ್ಣದಲ್ಲ. ಜತೆಗೆ ಆಕ್ಸಿಜನ್ ಹೆಚ್ಚಾಯಿತೆಂದು ಸುಳ್ಳು ಅಲಾರಂ ಬೇರೆ.

ಹಗ್ಗ ಹಿಡಿದು ಇಳಿದೆವು. ನೀರು ಹಸಿರು, ಮಬ್ಬು. ಮೊದಲು ಕಂಡದ್ದು ಹಡಗಲ್ಲ, ಕಂಬದ ಸುತ್ತ ಗಾಜಿನ ಚೂರುಗಳಂತೆ ತಿರುಗುವ ಮೀನಿನ ಹಿಂಡು. ಅದರ ಕೆಳಗೆ ಡೆಕ್. ಅಲ್ಲಿ ಕಳೆದದ್ದು ಐದಾರು ನಿಮಿಷ. ಗೆಳತಿ ಮಣಿಕಟ್ಟು ತಿರುಗಿಸಿ ಮೂರು ಬೆರಳು ತೋರಿಸಿದಳು. ನನ್ನದರಲ್ಲಿ ಇನ್ನೂ 5 ಇತ್ತು. ಒಪ್ಪಂದ ಒಪ್ಪಂದವೇ. ಕಂಬದ ಪಕ್ಕದಲ್ಲೇ ಏರುತ್ತಾ, 20 ಮೀಟರ್ ಹತ್ತಿರ ಅದೇ ಮೀನುಗಳ ನಡುವೆ ನಿಂತೆವು. ಅಷ್ಟರಲ್ಲಿ ನಿಮಿಷಗಳೆಲ್ಲ ವಾಪಸ್ ಬಂದಿದ್ದವು.

ಎಲ್ಲರೂ ಹಾಗೆ ಬರಲಿಲ್ಲ. ಫೋಟೋ ತೆಗೆಯುತ್ತಿದ್ದ ಹುಡುಗನೊಬ್ಬ ಡೆಕ್ ಮೇಲೆ ಸೊನ್ನೆ ದಾಟಿಸಿದ. ಸೊನ್ನೆಯಾದ ಮೇಲೆ ಪರದೆಯೇ ಬದಲಾಗುತ್ತದೆ. ನಿಮಿಷಗಳ ಜಾಗದಲ್ಲಿ ಒಂದು ಆಳ ಬರುತ್ತದೆ, ಅದರ ಪಕ್ಕದಲ್ಲಿ ನಿಲ್ಲಬೇಕಾದ ಸಮಯ. ಅವನಿಗೆ 3 ಮೀಟರ್, 4 ನಿಮಿಷ ಅಂದಿತು. ಅಂದರೆ 3 ಮೀಟರ್‌ನಲ್ಲಿ ಕಣ್ಣಿಗೆ ಕಾಣದ ಒಂದು ಚಾವಣಿ ಬಂದಿದೆ. ಆ ಹೊತ್ತು ಮುಗಿಯುವ ತನಕ ಅದನ್ನು ದಾಟುವಂತಿಲ್ಲ, ಬೇಸರವಾದರೂ ಸರಿ, ಚಳಿಯಾದರೂ ಸರಿ. ಅವನು ಪಾಪ ನಿಂತ. ಪೂರ್ತಿ ನಿಂತ. ಏಣಿ ಹತ್ತಿದಾಗ ಟ್ಯಾಂಕ್‌ನಲ್ಲಿ 40 ಬಾರ್ ಉಳಿದಿತ್ತು.

ಡೆಕೋಗೆ, ಅಂದರೆ ಹೀಗೆ ಕಡ್ಡಾಯವಾಗಿ ನಿಲ್ಲಬೇಕಾದ ಸ್ಥಿತಿಗೆ, ಹೋಗುವುದೇನು ಅಪರಾಧವಲ್ಲ. ಅದಕ್ಕೆಂದೇ ತರಬೇತಿ ಪಡೆದು, ಹೆಚ್ಚುವರಿ ಟ್ಯಾಂಕ್ ಹೊತ್ತು, ಯಾವ ಆಳದಲ್ಲಿ ಎಷ್ಟು ನಿಲ್ಲಬೇಕು ಅಂತ ಬರೆದಿಟ್ಟುಕೊಂಡು ಹೋಗುವವರಿದ್ದಾರೆ. ಒಂದೇ ಟ್ಯಾಂಕ್‌ನಲ್ಲಿ, ಕ್ಯಾಮೆರಾ ನೋಡುತ್ತಾ, ಗೊತ್ತಿಲ್ಲದೆ ಹೋಗುವುದು ಬೇರೆ. ಗೈಡ್ ಬೈಯಲಿಲ್ಲ. "ಮಧ್ಯಾಹ್ನ ನೀವು ಬೋಟಿನಲ್ಲೇ ಇರಿ" ಅಂದರು, ಅಷ್ಟೇ. "ನಾನು ನಿಂತೆನಲ್ಲ, ಕಂಪ್ಯೂಟರ್ ಓಕೆ ಅಂದಿದೆ" ಅಂದ ಹುಡುಗ. ಗೈಡ್ ಅವನ ಪ್ರೆಶರ್ ಗೇಜ್ ಎತ್ತಿ ತೋರಿಸಿದರು. ನಿಲ್ಲದೆ ಮೇಲೆ ಬಂದಿದ್ದರೆ ಎಷ್ಟೋ ಕಂಪ್ಯೂಟರ್‌ಗಳು ಒಂದೆರಡು ದಿನ ಲೆಕ್ಕ ಹಾಕುವುದನ್ನೇ ನಿಲ್ಲಿಸಿಬಿಡುತ್ತವೆ. ಬೇರೆಯವರದು ಕಟ್ಟಿಕೊಂಡು ಇಳಿಯಲು ಆಗ ಕೆಲವರು ಹೊರಡುತ್ತಾರಂತೆ. ಅದಕ್ಕಿಂತ ದಡ್ಡತನ ಇನ್ನೊಂದಿಲ್ಲ.

ಎರಡನೇ ಡೈವ್ ಆಳ ಕಡಿಮೆಯ ಹವಳದ ದಂಡೆಯಲ್ಲಿ ಆಯಿತು.

ಬುಧವಾರ

ಥಿಸಲ್‌ಗಾರ್ಮ್. ಎಲ್ಲರೂ ಇದಕ್ಕೇ ಬಂದದ್ದು. ರೋಸಲಿ ಮೊಲರ್ ಮುಳುಗುವುದಕ್ಕೆ ಎರಡು ದಿನ ಮೊದಲು, ಅಕ್ಟೋಬರ್ 6ರಂದು, ಇದರ ಮೇಲೆ ಬಾಂಬ್ ಬಿತ್ತು. ಸೇನೆಗೆ ಸಾಗಿಸುತ್ತಿದ್ದ ಲಾರಿ, ಮೋಟರ್‌ಬೈಕ್, ರೈಫಲ್, ಬೂಟು ಎಲ್ಲ ಸರಕು ಹೊಟ್ಟೆಯಲ್ಲಿ ಹಾಗೇ ಇವೆ. ಲಾರಿಯ ಮೇಲೆ ಸಾಲಾಗಿ ನಿಲ್ಲಿಸಿದ ಬೈಕುಗಳ ಹ್ಯಾಂಡಲ್ ನಡುವೆ ಕೆಂಪು ಮೀನುಗಳು ನಿದ್ದೆ ಮಾಡುತ್ತವೆ.

ತಳ ಸುಮಾರು 30 ಮೀಟರ್, ಮುಂಭಾಗದ ಡೆಕ್ ಸುಮಾರು 16. ಬೆಳಿಗ್ಗೆ ಹೊರಗಡೆ, ಆಳದ ಕಡೆ. ಎರಡನೆಯದು ಸರಕಿನ ಕೋಣೆಗಳ ಒಳಗೆ. ಕತ್ತಲಾದ ಮೇಲೆ ಇನ್ನೊಂದು, ಡೆಕ್ ಮೇಲೆ ಮಾತ್ರ. ಪ್ರವಾಹ ಜೋರಾಗಿತ್ತು, ಹಗ್ಗದಲ್ಲಿ ನಾವೆಲ್ಲ ಬಾವುಟದ ಹಾಗೆ ಅಡ್ಡಡ್ಡ ತೇಲುತ್ತಿದ್ದೆವು. ಪ್ರವಾಹದಲ್ಲಿ ಕಾಲು ಬಡಿದಷ್ಟೂ ರಕ್ತ ಜೋರಾಗಿ ಹರಿಯುತ್ತದೆ, ನೈಟ್ರೋಜನ್ ಬೇಗ ಸೇರುತ್ತದೆ. ಬಹುಪಾಲು ಕಂಪ್ಯೂಟರ್‌ಗಳಿಗೆ ಅದು ಗೊತ್ತಾಗುವುದಿಲ್ಲ.

ರಾತ್ರಿ ಊಟವಾದ ಮೇಲೆ ಹಿರಿಯರು, ಅದೇ ಟೇಬಲ್ ತಂದಿದ್ದವರು, ಕಥೆ ಹೇಳಲು ಕೂತರು. 1870ರ ದಶಕದಲ್ಲಿ ಬ್ರೂಕ್ಲಿನ್ ಸೇತುವೆ ಕಟ್ಟುವಾಗ ನದಿಯ ತಳದಲ್ಲಿ, ಒತ್ತಡದ ಗಾಳಿ ತುಂಬಿದ ಪೆಟ್ಟಿಗೆಗಳ ಒಳಗೆ ಕೆಲಸ ಮಾಡಿದವರು ಮೇಲೆ ಬಂದು ನೋವಿನಿಂದ ಮಡಚಿಕೊಳ್ಳುತ್ತಿದ್ದರು. ಮುಖ್ಯ ಎಂಜಿನಿಯರ್ ವಾಷಿಂಗ್ಟನ್ ರೋಬ್ಲಿಂಗ್ ಕೂಡ ಅದೇ ಕಾಯಿಲೆ ಬಿದ್ದ. 1878ರಲ್ಲಿ ಫ್ರಾನ್ಸ್‌ನ ಪಾಲ್ ಬೆರ್ಟ್ ಇದಕ್ಕೆ ನೈಟ್ರೋಜನ್ ಗುಳ್ಳೆಗಳೇ ಕಾರಣ ಎಂದು ತೋರಿಸಿದ. ಎಷ್ಟು ಹೊತ್ತು, ಎಲ್ಲಿ ನಿಲ್ಲಬೇಕು ಅನ್ನುವ ಟೇಬಲ್ ಬಂದದ್ದು 1908ರಲ್ಲಿ, ಬ್ರಿಟನ್ನಿನ ಜಾನ್ ಸ್ಕಾಟ್ ಹಾಲ್ಡೇನ್ ಮತ್ತು ಅವನ ಜತೆಗಾರರಿಂದ. ಅವರು ಪರೀಕ್ಷೆ ಮಾಡಿದ್ದು ಮೇಕೆಗಳ ಮೇಲೆ. ಒತ್ತಡದ ಕೋಣೆಯಲ್ಲಿಟ್ಟು ಹೊರಗೆ ತೆಗೆದಾಗ ಯಾವ ಮೇಕೆ ಕಾಲು ಎತ್ತಿ ಕುಂಟುತ್ತದೆ ಅಂತ ನೋಡುವುದು.

ಮೈಯೆಲ್ಲ ಒಂದೇ ವೇಗದಲ್ಲಿ ನೈಟ್ರೋಜನ್ ಹೀರುವುದಿಲ್ಲ ಅನ್ನುವುದನ್ನು ಲೆಕ್ಕಕ್ಕೆ ತಂದದ್ದೂ ಹಾಲ್ಡೇನ್. ಅವನು ಮೈಯನ್ನು ಐದು ಪಾಲು ಮಾಡಿದ. ಅತಿ ವೇಗದ ಪಾಲು 5 ನಿಮಿಷಕ್ಕೆ ಅರ್ಧ ತುಂಬುತ್ತದೆ, ಅತಿ ನಿಧಾನದ್ದು 75 ನಿಮಿಷಕ್ಕೆ. ಬ್ಯೂಲ್‌ಮನ್ ಹದಿನಾರು ಪಾಲು ಮಾಡಿದ, ಅತಿ ನಿಧಾನದ್ದಕ್ಕೆ 635 ನಿಮಿಷ. ಹಿರಿಯರು ಕಟಕಟೆಗೆ ನೇತು ಹಾಕಿದ್ದ ಬಟ್ಟೆಗಳತ್ತ ಕೈ ತೋರಿಸಿದರು. ತೆಳ್ಳನೆ ಟವಲ್ ಎರಡು ಡೈವ್‌ಗಳ ನಡುವೆ ಒಣಗುತ್ತದೆ. ದಪ್ಪ ವೆಟ್‌ಸೂಟ್ ಒಳಗಡೆ ಭಾನುವಾರದಿಂದ ಹಸಿಯಾಗೇ ಇದೆ, ಪ್ರತಿ ಡೈವ್‌ನಲ್ಲೂ ಇನ್ನಷ್ಟು ನೆನೆಯುತ್ತದೆ.

ನನಗೆ ಅದು ಅಲ್ಲಿಯ ತನಕ ಇಷ್ಟು ಸ್ಪಷ್ಟವಾಗಿರಲಿಲ್ಲ. ನಿನ್ನೆ 36 ಮೀಟರ್‌ನಲ್ಲಿ ಮಿತಿ ಹಾಕಿದ್ದು ವೇಗದ ಪಾಲುಗಳು. ಅವು ಬೆಳಿಗ್ಗೆ ಅಷ್ಟರಲ್ಲಿ ಖಾಲಿ. ಈ ಮೂರು ಡೈವ್‌ಗಳ ದಿನದಲ್ಲಿ ಸದ್ದಿಲ್ಲದೆ ತುಂಬುತ್ತಿರುವುದು ನಿಧಾನದವು. ಆರು ಅರ್ಧಗಳು ಕಳೆದರೆ ಒಂದು ಪಾಲು ಬಹುತೇಕ ಖಾಲಿ ಅನ್ನುತ್ತಾರೆ. 635ನ್ನು ಆರರಿಂದ ಗುಣಿಸಿ ನೋಡಿ, ಎರಡೂವರೆ ದಿನಕ್ಕೂ ಜಾಸ್ತಿ.

1955ರ ಹೊತ್ತಿಗೇ ಇಂಥ ಯಂತ್ರ ಮಾಡುವ ಪ್ರಯತ್ನ ನಡೆದಿತ್ತಂತೆ. ಮಾಮೂಲಿ ಡೈವರ್‌ಗಳ ಕೈಗೆ ಎಲೆಕ್ಟ್ರಾನಿಕ್ ಕಂಪ್ಯೂಟರ್ ಬಂದದ್ದು 1983ರಲ್ಲಿ. ಅದಕ್ಕೂ ಮೊದಲು ಡೈವ್ ಶುರು ಮಾಡಿದ ನಮ್ಮ ಹಿರಿಯರಿಗೆ ಟೇಬಲ್ ಬಿಡಲು ಮನಸ್ಸಿಲ್ಲ. ಕಂಪ್ಯೂಟರ್ ಕಟ್ಟುತ್ತಾರೆ, ಟೇಬಲ್ ಜೇಬಲ್ಲಿ ಇರುತ್ತದೆ, ಇನ್ನೊಂದು ಕೈಯಲ್ಲಿ ಗಡಿಯಾರ. ನಡುವೆ ಕಂಪ್ಯೂಟರ್ ಕೆಟ್ಟರೆ? "ಮೇಲೆ ಬರ್ತೀನಿ, ಐದರಲ್ಲಿ ನಿಲ್ತೀನಿ. ಆಮೇಲೆ ಒಂದು ದಿನ ಪುಸ್ತಕ ಓದ್ತೀನಿ" ಅಂದರು.

ಗುರುವಾರ

ರಾತ್ರಿಯೆಲ್ಲ ಬೋಟ್ ಅಲುಗಾಡಿತು. ಗೆಳತಿ ಬೆಳಿಗ್ಗೆ ಡೆಕ್ ಮೇಲೆ ಬಂದಾಗ ಮುಖ ಬಿಳಿಚಿಕೊಂಡಿತ್ತು. ಅವಳ ಕಂಪ್ಯೂಟರ್ ತೆಗೆದು ನೋಡಿದೆ, ಎಲ್ಲ ಹಸಿರು. "ನೋಡು, ನಿನಗೆ ಎಷ್ಟೊಂದು ನಿಮಿಷ ಇದೆ" ಅಂದೆ ತಮಾಷೆಗೆ.

"ನಾನು ರಾತ್ರಿ ಮೂರು ಸಲ ವಾಂತಿ ಮಾಡಿದ್ದು ಅದಕ್ಕೆ ಗೊತ್ತಾ?" ಅಂದಳು. ನೀರು ಕುಡಿದು ಮತ್ತೆ ಮಲಗಿದಳು.

ಸರಿಯಾದ ಮಾತು. ಮೈಯಲ್ಲಿ ನೀರು ಕಡಿಮೆಯಾಗಿದೆಯಾ, ನಿದ್ದೆ ಆಗಿದೆಯಾ, ವಯಸ್ಸೆಷ್ಟು, ಚಳಿ ಹಿಡಿದಿದೆಯಾ, ಹೃದಯದಲ್ಲಿ ಹುಟ್ಟಿನಿಂದ ಮುಚ್ಚದೆ ಉಳಿದ ಸಣ್ಣ ತೂತಿದೆಯಾ, ಇವು ಯಾವುವೂ ಆ ಲೆಕ್ಕದಲ್ಲಿಲ್ಲ. ಮಿತಿಯ ಒಳಗೇ ಇದ್ದು ಕಾಯಿಲೆ ಬಿದ್ದವರೂ ಇದ್ದಾರೆ. ಡೈವ್ ಮುಗಿದು ಕೆಲವು ಗಂಟೆಯೊಳಗೆ ಕೀಲು ನೋವು, ಜುಮ್ಮೆನ್ನುವುದು, ವಿಪರೀತ ಸುಸ್ತು ಬಂದರೆ ನಿನ್ನೆ ಟ್ಯಾಂಕ್ ಎತ್ತಿದ್ದಕ್ಕಿರಬೇಕು ಅಂತ ಸುಮ್ಮನಿರಬಾರದು. ಮೊದಲು 100% ಆಕ್ಸಿಜನ್, ಆಮೇಲೆ ಒತ್ತಡದ ಕೋಣೆ ಇರುವ ಆಸ್ಪತ್ರೆ. ಕಂಪ್ಯೂಟರ್ ಏನು ತೋರಿಸಿತು ಅನ್ನುವುದರಿಂದ ರೋಗ ಇಲ್ಲ ಅಂತ ತೀರ್ಮಾನ ಮಾಡಲು ಆಗುವುದಿಲ್ಲ.

ಹಾಗಾಗಿ ರಾಸ್ ಮೊಹಮ್ಮದ್‌ನಲ್ಲಿ ನಾನು ಹಿರಿಯರ ಜತೆ ಇಳಿದೆ. ಹವಳದ ಗೋಡೆ ನೂರಾರು ಮೀಟರ್ ಕೆಳಗೆ ಹೋಗುತ್ತದೆ, ತಳವೇ ಕಾಣುವುದಿಲ್ಲ. ನೀರು ಎಷ್ಟು ತಿಳಿ ಅಂದರೆ 20ಕ್ಕೂ 35ಕ್ಕೂ ಕಣ್ಣಿಗೆ ವ್ಯತ್ಯಾಸ ಗೊತ್ತಾಗುವುದಿಲ್ಲ. ಇಂಥ ಕಡೆ ಆಳದ ಅಲಾರಂ ಹಾಕಿಕೊಳ್ಳುವುದೇ ವಾಸಿ. 25ಕ್ಕೆ ಇಟ್ಟಿದ್ದೆ, ಎರಡು ಸಲ ಕೂಗಿತು. ಗೋಡೆ ದಾಟಿದ ಮೇಲೆ 1980ರಲ್ಲಿ ಮುಳುಗಿದ ಯೊಲಾಂಡಾ ಹಡಗಿನ ಸರಕು ಚೆಲ್ಲಿದೆ. ಹವಳದ ನಡುವೆ ಸಾಲು ಸಾಲು ಬಿಳಿ ಕಮೋಡುಗಳು. ಹಿರಿಯರು ಒಂದರ ಪಕ್ಕ ನಿಂತು ಗಂಭೀರವಾಗಿ ಫೋಟೋ ತೆಗೆಸಿಕೊಂಡರು.

ಶುಕ್ರವಾರ

ಬೆಳಿಗ್ಗೆ ಬೇಗ ಒಂದೇ ಡೈವ್, 14 ಮೀಟರ್. ಗೆಳತಿಯೂ ಬಂದಳು. ನೀರಿನಿಂದ ಹೊರಗೆ ಬಂದ ಕೂಡಲೇ ಕಂಪ್ಯೂಟರ್ ಪರದೆಯ ಮೇಲೆ ವಿಮಾನದ ಚಿತ್ರ, ಅದರ ಮೇಲೆ ಅಡ್ಡಗೆರೆ.

ವಿಮಾನದೊಳಗಿನ ಗಾಳಿಯ ಒತ್ತಡ 2400 ಮೀಟರ್ ಎತ್ತರದ ಬೆಟ್ಟದ ಮೇಲಿನಷ್ಟಕ್ಕೆ ಇಳಿಯಬಹುದು. ಡೈವ್ ಮುಗಿಸಿ ಆರಾಮಾಗಿದ್ದವರಿಗೆ ಅಲ್ಲಿ ಗುಳ್ಳೆ ಏಳಬಹುದು. ಡೈವರ್‌ಗಳ ಸುರಕ್ಷತೆ ನೋಡುವ ಸಂಸ್ಥೆ ಡೈವರ್ಸ್ ಅಲರ್ಟ್ ನೆಟ್‌ವರ್ಕ್ ಹೇಳುವುದು ಒಂದೇ ಡೈವ್ ಮಾಡಿದ್ದರೆ 12 ಗಂಟೆ, ಹಲವು ದಿನ ಹಲವು ಡೈವ್ ಮಾಡಿದ್ದರೆ 18 ಗಂಟೆ ಕಾಯಿರಿ, ಡೆಕೋಗೆ ಹೋಗಿದ್ದರೆ ಇನ್ನೂ ಜಾಸ್ತಿ ಅಂತ. ನಮ್ಮ ಬೋಟ್‌ನ ನಿಯಮ ಎಲ್ಲರಿಗೂ 24. ಕೆಲವರಿಗೆ ಇದು ಅತಿ ಅನ್ನಿಸಿತು. ನಿಧಾನದ ಆ ಪಾಲುಗಳ ಲೆಕ್ಕ ಕೇಳಿದ ಮೇಲೆ ನನಗೆ ಹಾಗನ್ನಿಸಲಿಲ್ಲ.

ಸಂಜೆ ಎಲ್ಲರೂ ಲಾಗ್‌ಗಳನ್ನು ಫೋನಿಗೆ ಇಳಿಸಿಕೊಂಡೆವು. ಪ್ರತಿ ಡೈವ್‌ನ ಆಳದ ಗೆರೆ, ಕೆಳಗೆ ಹದಿನಾರು ಪಾಲುಗಳ ಪಟ್ಟಿ. ನನ್ನದರಲ್ಲಿ ನಿಧಾನದ ಪಾಲುಗಳು ಎಲ್ಲಕ್ಕಿಂತ ಹೆಚ್ಚು ತುಂಬಿದ್ದು ಬುಧವಾರ ರಾತ್ರಿ, ಡೆಕ್ ಮೇಲೆ ಆರಾಮಾಗಿ ಟಾರ್ಚ್ ಬೀಸಿಕೊಂಡು ಓಡಾಡಿದ ಡೈವ್‌ನ ಕೊನೆಯಲ್ಲಿ. ಎಲ್ಲರೂ ಹೆದರಿ ಲೆಕ್ಕ ಹಾಕಿದ ರೋಸಲಿ ಮೊಲರ್ ಆ ಪಟ್ಟಿಯಲ್ಲಿ ಎಲ್ಲೋ ಕೆಳಗಿತ್ತು.

ಫೋಟೋ ಹುಡುಗ ತನ್ನ ಗೆರೆ ತೋರಿಸಿದ. 36 ಮೀಟರ್‌ನಲ್ಲಿ ಉದ್ದಕ್ಕೆ ಒಂದು ಗೆರೆ, 3 ಮೀಟರ್‌ನಲ್ಲಿ ಚಿಕ್ಕದೊಂದು. ಫ್ಯಾಕ್ಟರ್ ಎಷ್ಟಿಟ್ಟಿದ್ದೆ ಅಂತ ಹಿರಿಯರು ಕೇಳಿದರು. ಅವನಿಗೆ ಗೊತ್ತಿರಲಿಲ್ಲ. ಪೆಟ್ಟಿಗೆಯಿಂದ ತೆಗೆದು ಕಟ್ಟಿಕೊಂಡದ್ದು, ಅಷ್ಟೇ. ಇಬ್ಬರೂ ಸೇರಿ ಮೆನು ತೆರೆದು ಒಂದೊಂದಾಗಿ ಓದತೊಡಗಿದರು. ನಾನೂ ಗೆಳತಿಯೂ ವೆಟ್‌ಸೂಟ್ ಮಡಚಿ ಚೀಲಕ್ಕೆ ತುರುಕಲು ಹೋದೆವು.